ಮನೆ ನಾಯಿಗೆ ಏನು, ಎಷ್ಟು, ಯಾವಾಗ: ಊಟ ಮತ್ತು ದಿನನಿತ್ಯದ ಆರೋಗ್ಯದ ಮಾರ್ಗದರ್ಶಿ

ನಾಯಿ ಸಾಕಿರುವ ಓದುಗರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಮೂರೇ: ಅದಕ್ಕೆ ಏನು ಹಾಕಬೇಕು, ಎಷ್ಟು ಹಾಕಬೇಕು, ಯಾವಾಗ ಡಾಕ್ಟರ ಬಳಿ ಕರೆದೊಯ್ಯಬೇಕು. ಒಂದಕ್ಕೆ ಉತ್ತರಿಸುವಾಗ ಇನ್ನೆರಡೂ ತಾವಾಗಿಯೇ ಬಂದು ಸೇರಿಕೊಳ್ಳುವುದರಿಂದ ಇಲ್ಲಿ ಮೂರನ್ನೂ ಒಟ್ಟಿಗೆ, ನೀವು ಮಾಡಬೇಕಾದ ಕ್ರಮದಲ್ಲಿಯೇ ಬರೆದಿದ್ದೇನೆ. ಮುಖ್ಯವಾಗಿ ಮನೆಯಲ್ಲಿ ಬೇಯಿಸಿದ್ದನ್ನೇ ತಿನ್ನುವ ನಾಯಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಲೇಖನವಿದು; ನಮ್ಮ ಕಡೆಯ ಬಹುಪಾಲು ನಾಯಿಗಳು ಇಂದಿಗೂ ಅನ್ನ, ಮುದ್ದೆ, ಮೊಸರಿನ ಮೇಲೆಯೇ ಬದುಕುತ್ತಿವೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಮನೆಯೂಟ ಹಾಕುವುದು ತಪ್ಪಲ್ಲ, ಮನೆಯವರು ಉಂಡು ಮಿಕ್ಕಿದ್ದನ್ನೇ ನಾಯಿಯ ಊಟವೆಂದುಕೊಳ್ಳುವುದು ತಪ್ಪು. ನಾಯಿಗೆ ಬೇರೆಯೇ ಲೆಕ್ಕ ಬೇಕು, ಸಾಧ್ಯವಾದರೆ ಬೇರೆಯೇ ಪಾತ್ರೆ ಬೇಕು.

ಆರಂಭಿಸುವ ಮುನ್ನ ಕೆಲವು ಸಾಮಾನುಗಳನ್ನು ಹೊಂದಿಸಿಕೊಳ್ಳಿ. ಗ್ರಾಂ ಲೆಕ್ಕ ತೋರಿಸುವ ಅಡುಗೆಮನೆಯ ತಕ್ಕಡಿ, ನಾಯಿಗೆಂದೇ ಮೀಸಲಾದ ಒಂದು ಡಿಜಿಟಲ್ ಥರ್ಮಾಮೀಟರ್, ತುದಿ ಚೂಪಾದ ಚಿಮಟ, ರಬ್ಬರ್ ಕೈಗವಸು, ಲಸಿಕೆಯ ಪುಸ್ತಕ ಮತ್ತು ಒಂದು ಸಾಧಾರಣ ನೋಟ್‌ಬುಕ್ ಇದ್ದರೆ ಸಾಕು. ಇವುಗಳಲ್ಲಿ ಜನ ಅಲಕ್ಷ್ಯ ಮಾಡುವುದು ನೋಟ್‌ಬುಕ್ಕನ್ನು. ಆದರೆ ಕಾಯಿಲೆ ಬಿದ್ದ ದಿನ ಡಾಕ್ಟರಿಗೆ ಅತ್ಯಂತ ಉಪಯೋಗಕ್ಕೆ ಬರುವುದೂ ಅದೇ.

ಹಂತ 1: ತೂಕ ನೋಡಿ, ಮೈ ಮುಟ್ಟಿ ನೋಡಿ

ನಾಯಿಯನ್ನು ಎತ್ತಿಕೊಂಡು ಮನೆಯ ತೂಕದ ಯಂತ್ರದ ಮೇಲೆ ನಿಲ್ಲಿ, ಬಳಿಕ ನೀವೊಬ್ಬರೇ ನಿಲ್ಲಿ. ವ್ಯತ್ಯಾಸವೇ ನಾಯಿಯ ತೂಕ. ಎತ್ತಲಾಗದಷ್ಟು ದೊಡ್ಡ ನಾಯಿಯಾದರೆ ಪಶು ಆಸ್ಪತ್ರೆಯಲ್ಲಿ ತೂಗಿಸಿ. ತಿಂಗಳಿಗೊಮ್ಮೆ ತೂಗಿ ದಿನಾಂಕದೊಂದಿಗೆ ಬರೆದಿಡಿ.

ಅಂಕಿ ಮಾತ್ರ ಸಾಲದು, ಕೈಯೂ ಹೇಳಬೇಕು. ಎರಡೂ ಅಂಗೈಗಳನ್ನು ನಾಯಿಯ ಪಕ್ಕೆಗಳ ಮೇಲೆ ಹಗುರವಾಗಿ ಸವರಿದಾಗ ಪಕ್ಕೆಲುಬುಗಳು ಒಂದೊಂದಾಗಿ ಬೆರಳಿಗೆ ಸಿಗಬೇಕು, ಆದರೆ ದೂರದಿಂದ ಎದ್ದು ಕಾಣಬಾರದು. ಮೇಲಿನಿಂದ ನೋಡಿದಾಗ ಪಕ್ಕೆಗಳ ಹಿಂದೆ ಸೊಂಟ ಒಳಸೇರಿರಬೇಕು. ಒತ್ತಿ ಹುಡುಕಿದರೂ ಎಲುಬು ಸಿಗದಿದ್ದರೆ ನಾಯಿ ದಪ್ಪವಾಗಿದೆ. ನೆರೆಹೊರೆಯವರು ‘ಒಳ್ಳೆ ಗುಂಡುಗುಂಡಾಗಿದೆ’ ಎಂದು ಮೆಚ್ಚಿಕೊಳ್ಳುವ ಎಷ್ಟೋ ಲ್ಯಾಬ್ರಡಾರ್‌ಗಳ ಪಾಡು ಇದೇ. ಇದಕ್ಕೊಂದು ಅಪವಾದವಿದೆ. ಬಾಗಲಕೋಟೆ ಜಿಲ್ಲೆಯ ಮುಧೋಳ ತಳಿಯಂತಹ ಬೇಟೆನಾಯಿಗಳಲ್ಲಿ ಕೊನೆಯ ಕೆಲವು ಪಕ್ಕೆಲುಬುಗಳು ಕಾಣುವುದೂ ಹೊಟ್ಟೆ ಒಳಸೇರಿರುವುದೂ ಸಹಜ ಮೈಕಟ್ಟು. ಅವನ್ನು ನೋಡಿ ‘ಸೊರಗಿದೆ’ ಎಂದು ತುಪ್ಪ ಹಾಕಲು ಹೊರಡಬೇಡಿ.

ಹಂತ 2: ಎಷ್ಟು ಹಾಕಬೇಕೆಂದು ಲೆಕ್ಕ ಹಾಕಿ

‘ಎರಡು ಹಿಡಿ’, ‘ಒಂದು ಬಟ್ಟಲು’ ಎಂಬ ಅಳತೆಗಳು ಹಾಕುವವರ ಕೈಗೆ ತಕ್ಕಂತೆ ಬದಲಾಗುತ್ತವೆ. ಅದರ ಬದಲು ಕ್ಯಾಲೊರಿ, ಅಂದರೆ ಆಹಾರದಿಂದ ದೊರೆಯುವ ಶಕ್ತಿಯ ಅಳತೆಯನ್ನು ಹಿಡಿದು ಲೆಕ್ಕ ಹಾಕಿ. ಪಶುವೈದ್ಯರು ಬಳಸುವ ಸೂತ್ರವನ್ನು ಮೊಬೈಲಿನ ಕ್ಯಾಲ್ಕುಲೇಟರ್‌ನಲ್ಲೇ ಮಾಡಬಹುದು: ನಾಯಿಯ ತೂಕವನ್ನು ಕಿಲೋ ಲೆಕ್ಕದಲ್ಲಿ ಮೂರು ಬಾರಿ ಬರೆದು ಒಂದಕ್ಕೊಂದು ಗುಣಿಸಿ, ಬಂದ ಸಂಖ್ಯೆಗೆ ವರ್ಗಮೂಲದ ಗುಂಡಿಯನ್ನು ಎರಡು ಬಾರಿ ಒತ್ತಿ, ಅದನ್ನು 70ರಿಂದ ಗುಣಿಸಿ. 10 ಕಿಲೋ ನಾಯಿಗೆ 10×10×10 ಎಂದರೆ 1000. ಎರಡು ಸಲ ವರ್ಗಮೂಲ ತೆಗೆದರೆ 5.62, 70ರಿಂದ ಗುಣಿಸಿದರೆ ಸುಮಾರು 394. ಇದು ನಾಯಿ ಸುಮ್ಮನೆ ಮಲಗಿದ್ದರೂ ಬೇಕಾಗುವ ಶಕ್ತಿ. ಸಂತಾನಹರಣ ಮಾಡಿಸಿದ, ಸಾಧಾರಣ ಓಡಾಟವಿರುವ ವಯಸ್ಕ ನಾಯಿಗೆ ಇದನ್ನು 1.6ರಿಂದ, ಸಂತಾನಹರಣ ಮಾಡಿಸದ ನಾಯಿಗೆ 1.8ರಿಂದ ಗುಣಿಸಬೇಕು. ಹಾಗಾಗಿ ಸಂತಾನಹರಣವಾದ 10 ಕಿಲೋ ನಾಯಿಗೆ ದಿನಕ್ಕೆ ಸುಮಾರು 630 ಕ್ಯಾಲೊರಿ, 20 ಕಿಲೋ ನಾಯಿಗೆ ಸುಮಾರು 1060 ಕ್ಯಾಲೊರಿ ಬೇಕು. ತೂಕ ಇಮ್ಮಡಿಯಾದರೆ ಊಟವೂ ಇಮ್ಮಡಿಯಾಗುವುದಿಲ್ಲ ಎಂಬುದನ್ನು ಗಮನಿಸಿ. ದೊಡ್ಡ ನಾಯಿಗಳಿಗೆ ವಿಪರೀತ ಹಾಕಿಬಿಡುವುದು ಇಲ್ಲಿಯೇ.

ಈ ಲೆಕ್ಕ ಆರಂಭಕ್ಕೆ ಮಾತ್ರ. ಮೂರು ನಾಲ್ಕು ವಾರ ಹಾಕಿ ನೋಡಿ, ತೂಕ ಏರಿದರೆ ಹತ್ತನೆಯ ಒಂದು ಭಾಗ ಕಡಿಮೆ ಮಾಡಿ, ಇಳಿದರೆ ಅಷ್ಟೇ ಹೆಚ್ಚಿಸಿ.

ತಿಂಡಿಯೂ ಈ ಲೆಕ್ಕದೊಳಗೇ ಬರಬೇಕು, ಒಟ್ಟು ಶಕ್ತಿಯಲ್ಲಿ ಹತ್ತನೆಯ ಒಂದು ಪಾಲನ್ನು ಮೀರಬಾರದು. ಟೀ ಜೊತೆ ತಿನ್ನುವ ಗ್ಲೂಕೋಸ್ ಬಿಸ್ಕತ್ತು ಒಂದಕ್ಕೆ ಸುಮಾರು 20ರಿಂದ 25 ಕ್ಯಾಲೊರಿ ಇರುತ್ತದೆ. ಅಜ್ಜ, ಅಮ್ಮ, ಮಕ್ಕಳು ಒಬ್ಬೊಬ್ಬರೂ ಮೂರು ಮೂರು ಹಾಕಿದರೆ 10 ಕಿಲೋ ನಾಯಿಯ ದಿನದ ಊಟದ ಮೂರನೆಯ ಒಂದು ಭಾಗ ಸಕ್ಕರೆ ಮೈದಾದಲ್ಲೇ ಮುಗಿದುಹೋಗುತ್ತದೆ. ಹಾಕಲೇಬೇಕೆಂದರೆ ದಿನದ ಎರಡು ಬಿಸ್ಕತ್ತನ್ನು ಬೆಳಿಗ್ಗೆಯೇ ಒಂದು ಡಬ್ಬಿಯಲ್ಲಿ ಎತ್ತಿಡಿ. ಡಬ್ಬಿ ಖಾಲಿಯಾದ ಮೇಲೆ ಯಾರೂ ಹಾಕುವಂತಿಲ್ಲ.

ಹಂತ 3: ತಟ್ಟೆಯಲ್ಲಿ ಏನಿರಬೇಕು

ನಮ್ಮಲ್ಲಿ ನಾಯಿಗೆ ಹೆಚ್ಚಾಗಿ ಬೀಳುವುದು ಮೊಸರನ್ನ. ಹೊಟ್ಟೆ ಕೆಟ್ಟ ದಿನ ಅದು ಒಳ್ಳೆಯದೇ. ಆದರೆ 10 ಕಿಲೋ ನಾಯಿಗೆ ಬೇಕಾದ 630 ಕ್ಯಾಲೊರಿಯನ್ನು ಮೊಸರನ್ನದಿಂದಲೇ ತುಂಬಿಸಿದರೆ, ಅಂದರೆ ಸುಮಾರು 370 ಗ್ರಾಂ ಅನ್ನಕ್ಕೆ 250 ಗ್ರಾಂ ಮೊಸರು ಕಲಸಿ ಹಾಕಿದರೆ, ಅದರಲ್ಲಿ ಸಿಗುವ ಪ್ರೊಟೀನ್ 18 ಗ್ರಾಮಿನ ಆಸುಪಾಸು. ನಾಯಿಯ ಸಿದ್ಧ ಆಹಾರಕ್ಕೆ ವಿಧಿಸಿರುವ ಅಂತರರಾಷ್ಟ್ರೀಯ ಅಳತೆಯಂತೆ ಅಷ್ಟು ಕ್ಯಾಲೊರಿಗೆ ಕನಿಷ್ಠ 28 ಗ್ರಾಂ ಇರಬೇಕು. ನಾಯಿ ಹೊಟ್ಟೆ ತುಂಬಿ ಮಲಗುತ್ತದೆ, ದಪ್ಪವೂ ಆಗುತ್ತದೆ, ಆದರೆ ಮಾಂಸಖಂಡ ಕರಗುತ್ತಾ ಕೂದಲು ಮಂಕಾಗುತ್ತಾ ಹೋಗುತ್ತದೆ. ‘ತಿನ್ನುವುದರಲ್ಲಿ ಏನೂ ಕಮ್ಮಿಯಿಲ್ಲ, ಆದರೂ ಕೂದಲು ಉದುರುತ್ತದೆ’ ಎನ್ನುವವರು ಮೊದಲು ತಟ್ಟೆಯನ್ನು ನೋಡಬೇಕು.

ಮುದ್ದೆಯ ವಿಷಯವೂ ಹೆಚ್ಚುಕಡಿಮೆ ಹೀಗೆಯೇ. ರಾಗಿಯಲ್ಲಿ ಸುಣ್ಣದ ಅಂಶ ಹೇರಳವಾಗಿದೆಯೆಂಬುದು ನಿಜ. ಆದರೆ ಅದರಲ್ಲಿ ಫೈಟೇಟ್ ಎಂಬ ಇನ್ನೊಂದು ವಸ್ತುವಿದ್ದು, ಅದು ಕ್ಯಾಲ್ಸಿಯಂ ಮತ್ತು ಸತುವನ್ನು ಹಿಡಿದಿಟ್ಟುಕೊಂಡು ಕರುಳು ಹೀರಿಕೊಳ್ಳದಂತೆ ತಡೆಯುತ್ತದೆ. ಬರೀ ಧಾನ್ಯದ ಮೇಲೆ ಬೆಳೆದ ನಾಯಿಗಳಲ್ಲಿ ಬಾಯಿ, ಕಣ್ಣಿನ ಸುತ್ತ ಚರ್ಮ ಹಕ್ಕಳೆಗಟ್ಟಲು ಸತುವಿನ ಕೊರತೆಯೂ ಒಂದು ಕಾರಣ. ಮುದ್ದೆ ಹಾಕಿ, ಆದರೆ ತಟ್ಟೆಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಬೇಡ.

ಮಾಂಸಾಹಾರಿ ಮನೆಗಳಿಗೆ ಒಂದು ಮಾದರಿ ತಟ್ಟೆ ಹೀಗಿದೆ. 10 ಕಿಲೋ ನಾಯಿಗೆ ಇಡೀ ದಿನಕ್ಕೆ, ಬೇಯಿಸಿ ಮೂಳೆ ಚರ್ಮ ತೆಗೆದ ಕೋಳಿಯ ಎದೆಮಾಂಸ 200 ಗ್ರಾಂ, ಅನ್ನ 150 ಗ್ರಾಂ, ಬೇಯಿಸಿದ ಸಿಹಿಗುಂಬಳ ಅಥವಾ ಕ್ಯಾರೆಟ್ 80 ಗ್ರಾಂ, ಬೇಯಿಸಿದ ಮೊಟ್ಟೆ ಒಂದು. ಇದು ಸುಮಾರು 620 ಕ್ಯಾಲೊರಿಯಾಗುತ್ತದೆ, ಪ್ರೊಟೀನ್ ಬೇಕಾದ್ದಕ್ಕಿಂತ ಹೆಚ್ಚೇ ಸಿಗುತ್ತದೆ. ಇದನ್ನು ಬೆಳಿಗ್ಗೆ ಸಂಜೆ ಎರಡು ಭಾಗ ಮಾಡಿ ಹಾಕಿ. ಉಪ್ಪು, ಖಾರ, ಒಗ್ಗರಣೆ ಯಾವುದೂ ಬೇಡ. ವಾರದಲ್ಲೆರಡು ದಿನ ಕೋಳಿಯ ಬದಲು ಮುಳ್ಳು ತೆಗೆದ ಮೀನು ಹಾಕಬಹುದು. ಕೋಳಿಯ ಈಲಿಯನ್ನು ಮಾತ್ರ ಹಿತಮಿತವಾಗಿ, ಒಟ್ಟು ಊಟದ ಇಪ್ಪತ್ತನೆಯ ಒಂದು ಭಾಗದಷ್ಟು ಹಾಕಿ. ಅದರಲ್ಲಿರುವ ವಿಟಮಿನ್ ಎ ದಿನವೂ ಹೆಚ್ಚಾಗಿ ಸೇರಿದರೆ ಮೈಯಲ್ಲೇ ಸಂಗ್ರಹವಾಗಿ ತೊಂದರೆ ಕೊಡುತ್ತದೆ.

ಈ ತಟ್ಟೆಯಲ್ಲೂ ಒಂದು ದೊಡ್ಡ ಕೊರತೆ ಉಳಿದಿದೆ, ಅದು ಕ್ಯಾಲ್ಸಿಯಂ. ಕಾಡಿನ ಪ್ರಾಣಿ ಮೂಳೆಯಿಂದ ಪಡೆಯುವುದನ್ನು ನಾವು ಮೂಳೆ ತೆಗೆದು ಹಾಕುವ ಮಾಂಸ ಕೊಡುವುದಿಲ್ಲ. ಮೇಲಿನ ತಟ್ಟೆಯಲ್ಲಿ ಸಿಗುವುದು 100 ಮಿಲಿಗ್ರಾಂ ದಾಟುವುದಿಲ್ಲ, ಬೇಕಾಗಿರುವುದು ಸುಮಾರು 800 ಮಿಲಿಗ್ರಾಂ. ಇದಕ್ಕೆ ಅಡುಗೆಮನೆಯಲ್ಲೇ ಪರಿಹಾರವಿದೆ: ಮೊಟ್ಟೆಯ ಚಿಪ್ಪನ್ನು ತೊಳೆದು, ಹತ್ತು ನಿಮಿಷ ಕುದಿಸಿ, ಚೆನ್ನಾಗಿ ಒಣಗಿಸಿ ಮಿಕ್ಸಿಯಲ್ಲಿ ಹಿಟ್ಟಿನಂತೆ ನುಣ್ಣಗೆ ಪುಡಿ ಮಾಡಿ. ಬೆರಳ ನಡುವೆ ತಿಕ್ಕಿದರೆ ಚುಚ್ಚಬಾರದು, ಚುಚ್ಚಿದರೆ ಇನ್ನೊಮ್ಮೆ ತಿರುಗಿಸಿ ಜರಡಿ ಹಿಡಿಯಿರಿ. ಒಂದು ಗ್ರಾಂ ಪುಡಿಯಲ್ಲಿ ಸುಮಾರು 380 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದರಿಂದ ಈ ತಟ್ಟೆಗೆ ದಿನಕ್ಕೆ ಎರಡು ಗ್ರಾಂ, ಅಂದರೆ ಅರ್ಧ ಟೀ ಚಮಚಕ್ಕಿಂತ ಕಡಿಮೆ ಸಾಕು. ಸತು, ಅಯೋಡಿನ್, ವಿಟಮಿನ್ ಇ ಮತ್ತು ಡಿ ಇವಿಷ್ಟೂ ಮನೆಯೂಟದಲ್ಲಿ ಪೂರ್ತಿ ಸಿಗುವುದು ಕಷ್ಟ. ನಾಯಿಯ ಚರ್ಮ ನಮ್ಮ ಚರ್ಮದಂತೆ ಬಿಸಿಲಿನಿಂದ ಸಾಕಷ್ಟು ವಿಟಮಿನ್ ಡಿ ತಯಾರಿಸಿಕೊಳ್ಳಲಾರದು. ಅದು ಊಟದಿಂದಲೇ ಬರಬೇಕು. ಆದ್ದರಿಂದ ಪೂರ್ತಿ ಮನೆಯೂಟದ ಮೇಲಿರುವ ನಾಯಿಗೆ ಯಾವ ಪೂರಕ ಪುಡಿ, ಎಷ್ಟು ಎಂಬುದನ್ನು ಪಶುವೈದ್ಯರಿಂದ ಬರೆಸಿಕೊಳ್ಳಿ.

ಸಸ್ಯಾಹಾರಿ ಮನೆಗಳವರು ಬೇಸರಪಡಬೇಕಾಗಿಲ್ಲ. ನಾಯಿ ಬೆಕ್ಕಿನಂತೆ ಮಾಂಸವಿಲ್ಲದೆ ಬದುಕಲಾರದ ಪ್ರಾಣಿಯಲ್ಲ. ಆದರೆ ಪನೀರ್, ಮೊಸರು, ಮೆತ್ತಗೆ ಬೇಯಿಸಿದ ತೊಗರಿಬೇಳೆ, ನೆನೆಸಿ ಹಿಂಡಿ ಬೇಯಿಸಿದ ಸೋಯಾ ಇವು ತಟ್ಟೆಯ ಅರ್ಧದಷ್ಟಾದರೂ ಇರಬೇಕು, ಮೊಟ್ಟೆಗೆ ಒಪ್ಪುವ ಮನೆಯಾದರೆ ಇನ್ನೂ ಒಳ್ಳೆಯದು. ಅಷ್ಟು ಲೆಕ್ಕ ಇಟ್ಟುಕೊಳ್ಳಲಾಗದವರು ಅರ್ಧ ಭಾಗ ಅಂಗಡಿಯ ಒಣ ಆಹಾರ, ಅರ್ಧ ಭಾಗ ಮನೆಯೂಟ ಎಂಬ ಪದ್ಧತಿಗೆ ಬರುವುದು ವಾಸಿ. ಸಸ್ಯಾಹಾರಿ ಒಣ ಆಹಾರವೂ ಅಂಗಡಿಯಲ್ಲಿ ದೊರೆಯುತ್ತದೆ. ಒಣ ಆಹಾರದಲ್ಲಿ 100 ಗ್ರಾಮಿಗೆ ಸಾಮಾನ್ಯವಾಗಿ 350ರಿಂದ 400 ಕ್ಯಾಲೊರಿ ಇರುತ್ತದೆ. ಚೀಲದ ಮೇಲೆ ಅದು ಸಂಪೂರ್ಣ ಆಹಾರವೋ, ಕೇವಲ ತಿಂಡಿಯೋ ಎಂದು ಬರೆದಿರುವುದನ್ನು ಓದಿ ಕೊಳ್ಳಿ. ಚೀಲ ಬಿಚ್ಚಿ ಕಿಲೋ ಲೆಕ್ಕದಲ್ಲಿ ಮಾರುವ ಬಿಡಿ ಆಹಾರ ಅಗ್ಗವೆಂದು ತರಬೇಡಿ, ಅದರ ಕೊಬ್ಬು ಗಾಳಿ ತಾಗಿ ಕಮಟು ಹತ್ತಿರುತ್ತದೆ, ಮಳೆಗಾಲದಲ್ಲಿ ಬೂಷ್ಟೂ ಹಿಡಿಯುತ್ತದೆ.

ಯಾವ ಬದಲಾವಣೆಯನ್ನಾದರೂ ಒಂದೇ ದಿನ ಮಾಡಬೇಡಿ. ಹಳೆಯ ಊಟಕ್ಕೆ ಹೊಸದನ್ನು ಕಾಲುಭಾಗದಿಂದ ಆರಂಭಿಸಿ ಏಳರಿಂದ ಹತ್ತು ದಿನಗಳಲ್ಲಿ ಪೂರ್ತಿ ಬದಲಿಸಿ. ನೀರು ಸದಾ ಎಟುಕುವಲ್ಲಿರಲಿ. ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 50ರಿಂದ 60 ಮಿಲಿಲೀಟರ್ ಸಾಮಾನ್ಯ ಬೇಡಿಕೆ. ಬೇಸಿಗೆಯಲ್ಲದ ದಿನಗಳಲ್ಲೂ ಅದು 100 ಮಿಲಿಲೀಟರ್ ದಾಟುತ್ತಿದ್ದರೆ ಮೂತ್ರಪಿಂಡದ ತೊಂದರೆಯೋ ಸಕ್ಕರೆ ಕಾಯಿಲೆಯೋ ಎಂದು ಪರೀಕ್ಷೆ ಮಾಡಿಸಬೇಕು. ಸಂತಾನಹರಣವಾಗದ ಹೆಣ್ಣುನಾಯಿ ಬೆದೆಗೆ ಬಂದು ಒಂದೆರಡು ತಿಂಗಳೊಳಗೆ ಹೀಗೆ ಬಹಳ ನೀರು ಕುಡಿಯುತ್ತಾ ಮಂಕಾದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು, ಅದು ಅದೇ ದಿನ ತೋರಿಸಬೇಕಾದ ಕಾಯಿಲೆ.

ಹಂತ 4: ಬಾಯಿಗೆ ಬೀಳಬಾರದ್ದು

ಈ ಪಟ್ಟಿಯನ್ನು ಮನೆಯ ಎಲ್ಲರಿಗೂ, ಅಡುಗೆಗೆ ಬರುವವರಿಗೂ ಓದಿ ಹೇಳಿ.

ಈರುಳ್ಳಿ ಮತ್ತು ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಒಂದೇ ಸಲಕ್ಕೆ ದೇಹತೂಕದ ಶೇಕಡ 0.5ರಷ್ಟು, ಅಂದರೆ 10 ಕಿಲೋ ನಾಯಿ 50 ಗ್ರಾಂ ಈರುಳ್ಳಿ ತಿಂದರೂ ರಕ್ತದಲ್ಲಿ ಪರಿಣಾಮ ಕಾಣಬಹುದು. ಅದು ಒಂದು ಮಧ್ಯಮ ಗಾತ್ರದ ಗಡ್ಡೆಯ ಅರ್ಧ. ಬೇಯಿಸಿದರೆ, ಹುರಿದರೆ ವಿಷ ಹೋಗುವುದಿಲ್ಲ. ದಿನವೂ ಸ್ವಲ್ಪ ಸ್ವಲ್ಪ ತಿಂದರೂ ಪೆಟ್ಟು ಬೀಳುತ್ತದೆ. ಸಾರನ್ನ ಹಾಕಬೇಡಿ ಎನ್ನುವುದಕ್ಕೆ ಇದೊಂದೇ ಕಾರಣ ಸಾಕಾಗಿತ್ತು, ಇನ್ನೊಂದೂ ಸೇರಿಕೊಂಡಿದೆ. ದ್ರಾಕ್ಷಿ ಮತ್ತು ಒಣದ್ರಾಕ್ಷಿ ಕೆಲವು ನಾಯಿಗಳ ಮೂತ್ರಪಿಂಡವನ್ನೇ ಕೆಡಿಸುತ್ತವೆಂಬುದು ಹಳೆಯ ಸಂಗತಿ. ಅದಕ್ಕೆ ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕೆಂದು ಇತ್ತೀಚಿನ ವರ್ಷಗಳಲ್ಲಿ ಪಶುವೈದ್ಯರು ಬಲವಾಗಿ ಶಂಕಿಸುತ್ತಿದ್ದಾರೆ, ಹುಣಸೆಹಣ್ಣಿನಲ್ಲಿರುವುದೂ ಅದೇ ಆಮ್ಲ. ಹಾಗಾಗಿ ಹುಳಿ, ಸಾರು, ಗೊಜ್ಜು, ಪುಳಿಯೋಗರೆ ಯಾವುದೂ ನಾಯಿಯ ತಟ್ಟೆಗೆ ಬೇಡ. ಪಾಯಸ, ಕೇಸರಿಬಾತ್ ಹಾಕುವ ಮುನ್ನ ಅದರೊಳಗಿನ ಒಣದ್ರಾಕ್ಷಿಯನ್ನು ನೆನಪಿಸಿಕೊಳ್ಳಿ.

ಚಾಕೊಲೇಟ್, ಅದರಲ್ಲೂ ಕಪ್ಪು ಚಾಕೊಲೇಟ್, ಹೃದಯ ಮತ್ತು ನರಗಳಿಗೆ ವಿಷ. ಸಕ್ಕರೆರಹಿತ ಚೂಯಿಂಗ್ ಗಮ್‌ನಲ್ಲಿರುವ ಜೈಲಿಟಾಲ್ ಎಂಬ ಸಿಹಿಕಾರಕ ಅರ್ಧ ಗಂಟೆಯೊಳಗೇ ರಕ್ತದ ಸಕ್ಕರೆಯನ್ನು ಪಾತಾಳಕ್ಕಿಳಿಸಬಲ್ಲದು. ಬಟ್ಟೆಯ ನಡುವಿನ ನುಸಿಗುಳಿಗೆ, ದೇವರಮನೆಯ ಕರ್ಪೂರ, ಇಲಿಪಾಷಾಣ ಇವನ್ನು ಎತ್ತರದಲ್ಲಿಡಿ. ಇಲಿಪಾಷಾಣ ತಿಂದ ನಾಯಿ ಮೊದಲ ಎರಡು ಮೂರು ದಿನ ಏನೂ ಆಗದಂತೆ ಓಡಾಡಿಕೊಂಡಿದ್ದು ಆಮೇಲೆ ಒಳಗೊಳಗೇ ರಕ್ತಸ್ರಾವವಾಗಿ ಕುಸಿಯುವುದುಂಟು. ‘ತಿಂದರೂ ಚೆನ್ನಾಗಿಯೇ ಇದೆ’ ಎಂದು ಕಾಯಬೇಡಿ.

ಬೆಂದ ಮೂಳೆ ಬೇಡವೇ ಬೇಡ. ಬೆಂದ ಕೋಳಿಮೂಳೆ ಚೂಪಾಗಿ ಸೀಳಿ ಅನ್ನನಾಳವನ್ನೂ ಕರುಳನ್ನೂ ಚುಚ್ಚುತ್ತದೆ, ಕುರಿಯ ಮೂಳೆಯ ಚೂರು ಗುದದ್ವಾರದ ಬಳಿ ಗಟ್ಟಿಯಾಗಿ ನಿಲ್ಲುತ್ತದೆ. ಯುಗಾದಿಯ ಮರುದಿನದ ಹೊಸತೊಡಕಿಗೆ ಮನೆತುಂಬ ನೆಂಟರಿರುವಾಗ ನಾಯಿಯನ್ನು ಊಟದ ಪಂಕ್ತಿಯಿಂದ ದೂರ ಕಟ್ಟಿ, ಎಂಜಲೆಲೆ ಎಸೆಯುವ ಬುಟ್ಟಿಗೆ ಮುಚ್ಚಳ ಹಾಕಿ. ಮಾಂಸದ ಕೊಬ್ಬಿನ ತುಂಡು, ಕರಿದ ತಿಂಡಿ, ತುಪ್ಪ ಸುರಿದ ಹೋಳಿಗೆ ಒಂದೇ ದಿನ ಬಹಳ ತಿಂದರೆ ಮೇದೋಜೀರಕ ಗ್ರಂಥಿ ಊದಿಕೊಂಡು ವಾಂತಿ, ತೀವ್ರ ಹೊಟ್ಟೆನೋವು ಬರಬಹುದು.

ಹಂತ 5: ಮರಿ ತಂದಿದ್ದರೆ

ಎಂಟು ವಾರ ತುಂಬುವವರೆಗೆ ಮರಿ ತಾಯಿಯ ಬಳಿಯೇ ಇರಲಿ. ಮನೆಗೆ ಬಂದ ಮೇಲೆ ನಾಲ್ಕು ತಿಂಗಳವರೆಗೆ ದಿನಕ್ಕೆ ನಾಲ್ಕು ಬಾರಿ, ಆರು ತಿಂಗಳವರೆಗೆ ಮೂರು ಬಾರಿ, ಆಮೇಲೆ ಎರಡು ಬಾರಿ ಊಟ. ಹಾಲು ಬ್ರೆಡ್ಡಿನ ಮೇಲೆ ಮರಿಯನ್ನು ಬೆಳೆಸುವ ಪದ್ಧತಿಯನ್ನು ಬಿಡಿ. ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಶಕ್ತಿ ಬೆಳೆದಂತೆಲ್ಲ ಕಡಿಮೆಯಾಗಿ ಭೇದಿ ಹತ್ತುತ್ತದೆ. ಶಿಶುಗಳ ಡಬ್ಬಿ ಆಹಾರವೂ ಮರಿಗೆ ಸಾಲದು. ನಾನಂತೂ ಮೊದಲ ವರ್ಷ ಮರಿಗೆ ಒಳ್ಳೆಯ ಒಣ ಆಹಾರವನ್ನೇ ಮುಖ್ಯವಾಗಿ ಹಾಕಿ ಎನ್ನುತ್ತೇನೆ. ಬೆಳೆಯುವ ಮೂಳೆಯ ಲೆಕ್ಕ ತಪ್ಪಿದರೆ ಆಮೇಲೆ ಸರಿಪಡಿಸಲಾಗದು. ಹಾಗೆ ಸಂಪೂರ್ಣ ಆಹಾರ ತಿನ್ನುತ್ತಿರುವ ಮರಿಗೆ ಮೇಲಿಂದ ಕ್ಯಾಲ್ಸಿಯಂ ಸಿರಪ್ ಹುಯ್ಯಬೇಡಿ. ಜರ್ಮನ್ ಶೆಫರ್ಡ್, ಗ್ರೇಟ್ ಡೇನ್‌ನಂತಹ ದೊಡ್ಡ ತಳಿಯ ಮರಿಗಳಲ್ಲಿ ಹೆಚ್ಚಾದ ಕ್ಯಾಲ್ಸಿಯಂ ಮೂಳೆಯನ್ನು ಬಲಪಡಿಸುವ ಬದಲು ವಕ್ರ ಮಾಡುತ್ತದೆ.

ಹಂತ 6: ಲಸಿಕೆ ಮತ್ತು ಜಂತುಹುಳು

ಪಾರ್ವೋ, ಡಿಸ್ಟೆಂಪರ್ ಮುಂತಾದ ರೋಗಗಳ ಸಂಯುಕ್ತ ಲಸಿಕೆಯನ್ನು ಆರರಿಂದ ಎಂಟು ವಾರದ ವಯಸ್ಸಿನಲ್ಲಿ ಆರಂಭಿಸಿ, ಎರಡರಿಂದ ನಾಲ್ಕು ವಾರಗಳಿಗೊಮ್ಮೆ ಹಾಕಿಸುತ್ತಾ, ಕೊನೆಯದು 16 ವಾರ ತುಂಬಿದ ಮೇಲೆ ಬೀಳುವಂತೆ ನೋಡಿಕೊಳ್ಳಿ. ಬಹಳ ಮಂದಿ ಎಡವುವುದು ಈ ಕೊನೆಯ ಮಾತಿನಲ್ಲಿ. ತಾಯಿಯ ಹಾಲಿನಿಂದ ಬಂದ ರಕ್ಷಣೆ ಇರುವವರೆಗೆ ಲಸಿಕೆ ಪೂರ್ತಿ ಹತ್ತದೆ ಹೋಗಬಹುದು, ಹಾಗಾಗಿ ಹತ್ತು ವಾರಕ್ಕೆ ‘ಎರಡು ಡೋಸ್ ಆಯಿತು’ ಎಂದು ನಿಲ್ಲಿಸಿದ ಮರಿಗೂ ಪಾರ್ವೋ ಬರುತ್ತದೆ. ರೇಬೀಸ್ ಲಸಿಕೆ 12 ವಾರಕ್ಕೆ, ಆಮೇಲೆ ಡಾಕ್ಟರು ಹೇಳಿದ ಅವಧಿಗೆ ತಪ್ಪದೆ. ನಮ್ಮಲ್ಲಿ ವರ್ಷಕ್ಕೊಮ್ಮೆ ಹಾಕಿಸುವುದು ರೂಢಿ. ಮನೆಯಿಂದ ಹೊರಗೇ ಹೋಗದ ನಾಯಿಗೂ ಇದು ಬೇಕು. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಆಸುಪಾಸಿನಲ್ಲಿ ಅನೇಕ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಉಚಿತವಾಗಿ ಹಾಕುತ್ತಾರೆ, ವಿಚಾರಿಸಿ. ಕರಾವಳಿ, ಮಲೆನಾಡಿನವರು ಇಲಿಜ್ವರದ, ಅಂದರೆ ಲೆಪ್ಟೊಸ್ಪೈರೋಸಿಸ್‌ನ ಲಸಿಕೆಯನ್ನೂ ಕೇಳಿ ಹಾಕಿಸಿ.

ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರಬೇಕು. ಮೆಡಿಕಲ್ ಅಂಗಡಿಯಿಂದ ಕೊಂಡು ಜೇಬಿನಲ್ಲಿಟ್ಟುಕೊಂಡು ಬಂದು ಪರಿಚಯದವರಿಂದ ಚುಚ್ಚಿಸಿದ ಲಸಿಕೆ, ಹಾಕಿಸದಿದ್ದಂತೆಯೇ ಲೆಕ್ಕ. ಬಾಟಲಿಯ ಚೀಟಿಯನ್ನು ಪುಸ್ತಕಕ್ಕೆ ಅಂಟಿಸಿ ಡಾಕ್ಟರ ಸಹಿ ಪಡೆಯಿರಿ.

ಜಂತುಹುಳುವಿನ ಔಷಧವನ್ನು ಮರಿಗೆ ಎರಡು ವಾರದಿಂದ ಮೂರು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಬಳಿಕ ಮೂರು ತಿಂಗಳಿಗೊಮ್ಮೆ ಕೊಡುವುದು ವಾಡಿಕೆ. ಪ್ರಮಾಣ ತೂಕದ ಮೇಲೆ ನಿಂತಿದೆ, ಅಂದಾಜಿನ ಮೇಲಲ್ಲ. ಗುದದ ಸುತ್ತ ಅಕ್ಕಿಕಾಳಿನಷ್ಟು ಬಿಳಿ ತುಣುಕುಗಳು ಕಂಡರೆ ಅದು ಲಾಡಿಹುಳು. ಅದು ಚಿಗಟದ ಮೂಲಕ ಬರುವುದರಿಂದ ಮಾತ್ರೆಯ ಜೊತೆಗೆ ಚಿಗಟವನ್ನೂ ನಿವಾರಿಸದಿದ್ದರೆ ಮತ್ತೆ ಬರುತ್ತದೆ.

ಹಂತ 7: ಉಣ್ಣೆ

ಮನೆಯ ನಾಯಿಗಳಲ್ಲಿ ಕಾಣುವ ಕಂದು ಉಣ್ಣೆಗೆ ಕಾಡೇ ಬೇಕಿಲ್ಲ, ನಿಮ್ಮ ಮನೆಯೇ ಸಾಕು. ರಕ್ತ ಹೀರಿ ಉಬ್ಬಿದ ಹೆಣ್ಣು ಉಣ್ಣೆಯು ನಾಯಿಯ ಮೈಯಿಂದ ಉದುರಿ, ಗೋಡೆ ಹತ್ತಿ, ಬಿರುಕಿನಲ್ಲೋ ಬಾಗಿಲ ಚೌಕಟ್ಟಿನ ಸಂದಿನಲ್ಲೋ ಫೋಟೊದ ಹಿಂದೆಯೋ ಸಾವಿರಾರು ಮೊಟ್ಟೆಯಿಡುತ್ತದೆ. ಆದ್ದರಿಂದ ಮೈಮೇಲೆ ನಾಲ್ಕು ಕಂಡರೆ ಮನೆಯಲ್ಲಿ ಅದರ ಎಷ್ಟೋ ಪಟ್ಟು ಇವೆಯೆಂದೇ ತಿಳಿಯಬೇಕು. ನಾಯಿಗೆ ಮಾತ್ರ ಔಷಧ ಹಾಕಿ ಗೋಡೆಯನ್ನು ಮರೆತವರ ಮನೆಗೆ ಉಣ್ಣೆ ಮರಳಿ ಬರುತ್ತಲೇ ಇರುತ್ತದೆ.

ಪ್ರತಿದಿನ ಸಂಜೆ ಕಿವಿಯ ಒಳಮಡಿಕೆ, ಕಾಲ್ಬೆರಳ ನಡುವೆ, ಕೊರಳಪಟ್ಟಿಯ ಕೆಳಗೆ, ಕಂಕುಳು, ತೊಡೆಸಂದು ಇಷ್ಟನ್ನು ಬೆರಳಾಡಿಸಿ ನೋಡಿ. ಸಿಕ್ಕಿದ ಉಣ್ಣೆಯನ್ನು ಕೈಗವಸು ಹಾಕಿಕೊಂಡು, ಚಿಮಟದ ತುದಿಯಿಂದ ಚರ್ಮಕ್ಕೆ ತೀರ ಹತ್ತಿರದಲ್ಲಿ ಹಿಡಿದು, ತಿರುಚದೆ ನೇರವಾಗಿ ನಿಧಾನಕ್ಕೆ ಎಳೆಯಿರಿ, ಸ್ಪಿರಿಟ್ ಅಥವಾ ಸೋಪುನೀರಿನ ಬಾಟಲಿಗೆ ಹಾಕಿ ಮುಚ್ಚಿ. ಬೆರಳಲ್ಲಿ ಹಿಸುಕುವುದು, ಬೆಂಕಿಕಡ್ಡಿಯಿಂದ ಸುಡುವುದು, ಸೀಮೆಎಣ್ಣೆ ಸವರುವುದು ಇವೆಲ್ಲ ಅಪಾಯಕರ. ದನಕ್ಕೆ ತಂದ ಉಣ್ಣೆ ಔಷಧವನ್ನೋ ಬೆಳೆಗೆ ಹೊಡೆಯುವ ಕೀಟನಾಶಕವನ್ನೋ ನಾಯಿಗೆ ಬಳಿಯುವುದಂತೂ ನೇರವಾಗಿ ವಿಷ ಹಾಕಿದಂತೆ. ಹಳ್ಳಿಗಳಲ್ಲಿ ಈ ಕಾರಣಕ್ಕೆ ಸಾಯುವ ನಾಯಿಗಳಿವೆ.

ತಡೆಗಟ್ಟಲು ಮೂರು ಬಗೆಯ ಔಷಧಗಳು ದೊರೆಯುತ್ತವೆ: ಕುತ್ತಿಗೆಯ ಹಿಂದೆ ಚರ್ಮಕ್ಕೆ ಬಿಡುವ ಫಿಪ್ರೊನಿಲ್ ಹನಿ, ತಿಂಗಳಿಗೊಮ್ಮೆ ತಿನ್ನಿಸುವ ಅಫಾಕ್ಸೊಲನರ್ ಮಾತ್ರೆ, ಹೆಚ್ಚುಕಡಿಮೆ ಮೂರು ತಿಂಗಳು ಕೆಲಸ ಮಾಡುವ ಫ್ಲುರಾಲನರ್ ಮಾತ್ರೆ. ಹನಿ ಬಿಡುವ ಎರಡು ದಿನ ಮುಂಚೆ ಮತ್ತು ನಂತರ ಸ್ನಾನ ಬೇಡ. ಫಿಟ್ಸ್ ಬರುವ ನಾಯಿಯಾದರೆ ಮಾತ್ರೆಗೆ ಮುನ್ನ ಡಾಕ್ಟರಿಗೆ ಅದನ್ನು ಹೇಳಲೇಬೇಕು. ಮನೆಯಲ್ಲಿ ಬೆಕ್ಕೂ ಇದ್ದರೆ ಪರ್ಮೆಥ್ರಿನ್ ಇರುವ ಯಾವ ನಾಯಿ ಔಷಧವನ್ನೂ ತರಬೇಡಿ, ಅದು ಬೆಕ್ಕಿನ ಪ್ರಾಣ ತೆಗೆಯುತ್ತದೆ.

ಇಷ್ಟೆಲ್ಲ ಏಕೆಂದರೆ ಉಣ್ಣೆಜ್ವರ ನಮ್ಮ ನಾಯಿಗಳನ್ನು ಬಹಳವಾಗಿ ಕಾಡುವ ಕಾಯಿಲೆ. ಎರ್ಲಿಕಿಯಾ, ಬಬೇಸಿಯಾ ಎಂಬ ರೋಗಾಣುಗಳು ಉಣ್ಣೆಯ ಕಡಿತದಿಂದ ರಕ್ತ ಸೇರುತ್ತವೆ. ಊಟ ಬಿಡುವುದು, ಜ್ವರ, ಒಸಡು ಬಿಳಿಚುವುದು, ಹೊಟ್ಟೆಯ ಮೇಲೆ ಕೆಂಪು ಚುಕ್ಕೆ, ಮೂಗಿನಲ್ಲಿ ರಕ್ತ, ಕಾಫಿ ಡಿಕಾಕ್ಷನ್ ಬಣ್ಣದ ಮೂತ್ರ ಇವುಗಳಲ್ಲಿ ಯಾವುದು ಕಂಡರೂ ರಕ್ತಪರೀಕ್ಷೆ ಮಾಡಿಸಿ. ಎರ್ಲಿಕಿಯಾಕ್ಕೆ ಸಾಮಾನ್ಯವಾಗಿ 28 ದಿನ ಡಾಕ್ಸಿಸೈಕ್ಲಿನ್ ಕೊಡುತ್ತಾರೆ. ನಾಲ್ಕನೇ ದಿನಕ್ಕೆ ನಾಯಿ ಬಾಲ ಆಡಿಸಿತೆಂದು ಮಾತ್ರೆ ನಿಲ್ಲಿಸಬೇಡಿ, ಬರಿಹೊಟ್ಟೆಯಲ್ಲೂ ಕೊಡಬೇಡಿ.

ಹಂತ 8: ವಾರದ ನೋಟ, ಬೇಸಿಗೆಯ ಎಚ್ಚರ

ಸ್ನಾನ ಮೂರು ನಾಲ್ಕು ವಾರಕ್ಕೊಮ್ಮೆ ಸಾಕು, ನಾಯಿಯ ಶಾಂಪೂವನ್ನೇ ಬಳಸಿ. ಮಳೆಯಲ್ಲಿ ನೆನೆದರೆ ಕಾಲ್ಬೆರಳ ನಡುವೆ ಒರೆಸಿ. ಜೋಲುಕಿವಿಯ ನಾಯಿಗಳ ಕಿವಿಯನ್ನು ವಾರಕ್ಕೊಮ್ಮೆ ಮೂಸಿ ನೋಡಿ. ಹುಳಿವಾಸನೆ ಬಂದರೆ ಸೋಂಕಿದೆ. ಹತ್ತಿಕಡ್ಡಿ ತುರುಕಬೇಡಿ. ಹಲ್ಲುಜ್ಜಲು ನಾಯಿಯ ಪೇಸ್ಟನ್ನೇ ಬಳಸಿ, ನಮ್ಮ ಪೇಸ್ಟನ್ನು ಅದು ಉಗುಳಲಾರದು. ಮುಂಗಾಲಿನ ಒಳಬದಿಯಲ್ಲಿ ನೆಲಕ್ಕೆ ತಾಗದ ಹೆಚ್ಚುವರಿ ಉಗುರೊಂದಿರುತ್ತದೆ, ಅದು ಸವೆಯದೆ ಬಾಗಿ ಮಾಂಸಕ್ಕೇ ಚುಚ್ಚಿಕೊಳ್ಳಬಹುದು.

ಏಪ್ರಿಲ್, ಮೇ ತಿಂಗಳಲ್ಲಿ ತಿರುಗಾಟ ಬೆಳಿಗ್ಗೆ ಏಳರೊಳಗೆ ಮುಗಿಯಲಿ. ಅಂಗೈಯ ಹಿಂಭಾಗವನ್ನು ರಸ್ತೆಯ ಮೇಲೆ ಏಳು ಸೆಕೆಂಡ್ ಇಡಲಾಗದಿದ್ದರೆ ನಾಯಿಯ ಪಾದಕ್ಕೂ ಅದು ಸುಡುತ್ತದೆ. ಪಗ್‌ನಂತಹ ಚಪ್ಪಟೆ ಮೂತಿಯ ನಾಯಿಗಳಿಗೂ ಹಸ್ಕಿಯಂತಹ ದಟ್ಟ ಕೂದಲಿನವಕ್ಕೂ ಅಪಾಯ ಹೆಚ್ಚು. ವಿಪರೀತ ತೇಕುವುದು, ಅಂಟುಜೊಲ್ಲು, ತೂರಾಡುವುದು ಕಂಡರೆ ಮೊದಲು ನಲ್ಲಿಯ ನೀರನ್ನು ಮೈತುಂಬ ಸುರಿದು ಫ್ಯಾನಿನ ಗಾಳಿ ಹಿಡಿಯಿರಿ, ಆಮೇಲೆ ಆಸ್ಪತ್ರೆಗೆ ಹೊರಡಿ. ಒದ್ದೆ ಟವೆಲನ್ನು ಹೊದಿಸಿ ಬಿಟ್ಟರೆ ಅದೇ ಬಿಸಿಯನ್ನು ಹಿಡಿದಿಡುತ್ತದೆ.

ಹಂತ 9: ಡಾಕ್ಟರ ಬಳಿ ಯಾವಾಗ

ಮೂಗು ಒದ್ದೆಯೋ ಒಣಗಿದೆಯೋ ಎಂಬುದರಿಂದ ಏನೂ ತಿಳಿಯುವುದಿಲ್ಲ. ಥರ್ಮಾಮೀಟರಿನ ತುದಿಗೆ ಕೊಬ್ಬರಿ ಎಣ್ಣೆ ಸವರಿ ಗುದದಲ್ಲಿ ಒಂದಂಗುಲದಷ್ಟು ಇಟ್ಟು ನೋಡಿ: 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ನಾಯಿಗೆ ಸಹಜ. ನಮ್ಮ ಲೆಕ್ಕದಲ್ಲಿ ಅದು ಜ್ವರವಾದ್ದರಿಂದ ಗಾಬರಿಯಾಗಬೇಡಿ. 103 ದಾಟಿದರೆ ತೋರಿಸಿ. ನಿದ್ದೆಯಲ್ಲಿ ನಿಮಿಷಕ್ಕೆ 30ಕ್ಕಿಂತ ಹೆಚ್ಚು ಉಸಿರು ಎಣಿಕೆಗೆ ಸಿಕ್ಕರೆ ತೋರಿಸಿ. ಒಸಡನ್ನು ಬೆರಳಿಂದ ಒತ್ತಿ ಬಿಟ್ಟಾಗ ಬಿಳಿಚಿದ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಗುಲಾಬಿ ಬಣ್ಣ ಮರಳಬೇಕು. ಇವನ್ನೆಲ್ಲ ನಾಯಿ ಚೆನ್ನಾಗಿರುವಾಗಲೇ ಒಮ್ಮೆ ನೋಡಿ ಬರೆದಿಟ್ಟುಕೊಂಡರೆ ಹೋಲಿಸಲು ಅನುಕೂಲ.

ವಯಸ್ಕ ನಾಯಿ ಒಂದು ಹೊತ್ತು ಊಟ ಬಿಟ್ಟರೆ, ಒಂದು ಸಲ ವಾಂತಿ ಮಾಡಿದರೆ ಒಂದು ದಿನ ಕಾದು ನೋಡಬಹುದು. ಮರಿ ವಾಂತಿ ಮಾಡುತ್ತಾ ದುರ್ವಾಸನೆಯ ರಕ್ತಭೇದಿ ಹಾಕುತ್ತಿದ್ದರೆ ಒಂದು ಗಂಟೆಯೂ ಕಾಯಬೇಡಿ, ಪಾರ್ವೋ ಮರಿಯನ್ನು ಕೊಲ್ಲುವುದು ಬಹುಮಟ್ಟಿಗೆ ನೀರು ಬತ್ತಿಸಿ. ದೊಡ್ಡ ಎದೆಗೂಡಿನ ನಾಯಿ ಹೊಟ್ಟೆ ಉಬ್ಬರಿಸಿಕೊಂಡು, ಏನೂ ಬಾರದೆ ಬರೀ ಓಕರಿಸುತ್ತಿದ್ದರೆ ಜಠರವೇ ತಿರುಚಿಕೊಂಡಿರಬಹುದು, ಅದಕ್ಕೆ ಆಪರೇಷನ್ನೇ ಮದ್ದು. ಗಂಡುನಾಯಿ ಮೂತ್ರಕ್ಕೆ ಕಾಲೆತ್ತಿ ತಿಣುಕಿದರೂ ಹನಿ ಬಾರದಿದ್ದರೆ ಅದೂ ತಡಮಾಡಬಾರದ ಲಕ್ಷಣ.

ಹೊರಡುವ ಮುನ್ನ ಮನೆಯ ಔಷಧದ ಡಬ್ಬಿಗೆ ಕೈ ಹಾಕಬೇಡಿ. ನಮಗೆ ಒಗ್ಗುವ ಪ್ಯಾರಸಿಟಮಾಲ್, ಐಬುಪ್ರೊಫೆನ್, ಡೈಕ್ಲೊಫಿನಾಕ್ ಮಾತ್ರೆಗಳು ನಾಯಿಯ ಯಕೃತ್ತು, ಜಠರ, ಮೂತ್ರಪಿಂಡಗಳನ್ನು ಹಾಳುಮಾಡಬಲ್ಲವು. ವಿಷ ತಿಂದಿದೆಯೆಂದು ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ, ಆ ಉಪ್ಪೇ ಮಿದುಳಿಗೆ ಪೆಟ್ಟು ಕೊಡುತ್ತದೆ. ತಿಂದದ್ದರ ಪೊಟ್ಟಣ, ವಾಂತಿ ಮತ್ತು ಮಲದ ಮೊಬೈಲ್ ಫೋಟೊ, ತೂಕದ ನೋಟ್‌ಬುಕ್, ಲಸಿಕೆ ಪುಸ್ತಕ ಇವನ್ನು ಜೊತೆಗೆ ಒಯ್ಯಿರಿ. ಎಲ್ಲ ಊರಿನಲ್ಲೂ ರಾತ್ರಿ ತೆರೆದಿರುವ ಪಶು ಆಸ್ಪತ್ರೆ ಇರುವುದಿಲ್ಲ. ನಿಮಗೆ ಹತ್ತಿರದ್ದು ಯಾವುದು, ಅಲ್ಲಿ ರಾತ್ರಿ ಡಾಕ್ಟರು ಇರುತ್ತಾರೆಯೇ, ದೊಡ್ಡ ನಾಯಿಯನ್ನು ಕೂರಿಸಿಕೊಳ್ಳಲು ಒಪ್ಪುವ ಆಟೊ ಅಥವಾ ಕಾರಿನವರು ಯಾರು ಎಂಬುದನ್ನು ಈ ವಾರವೇ ವಿಚಾರಿಸಿ, ನಂಬರುಗಳನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ.